ಒಲೆ ಹೂಡಿದ ಮೇಲೆ

ಕೋಲಾರದಲ್ಲಿ ನಾವು ಏಳೆಂಟು ಮಂದಿ ತಿಂಗಳಿಗೊಮ್ಮೆ ಗೆಳೆಯನೊಬ್ಬನ ಬಾಡಿಗೆ ಮನೆಯ ಮಹಡಿಯಲ್ಲಿ ಸೇರಿ ಸಿನಿಮಾ ನೋಡುತ್ತೇವೆ. ಗೋಡೆಗೆ ಬಿಳಿ ಪಂಚೆ ಕಟ್ಟಿ, ಎರವಲು ತಂದ ಪ್ರೊಜೆಕ್ಟರನ್ನು ನನ್ನ ಎರಡು ದಪ್ಪ ನಿಘಂಟುಗಳ ಮೇಲೆ ಕೂರಿಸಿ, ಕರೆಂಟು ಹೋಗದಿರಲೆಂದು ಅಂತರಗಂಗೆ ಬೆಟ್ಟದ ಕಡೆಗೊಮ್ಮೆ ಕೈಮುಗಿದು ಶುರುಮಾಡುವ ಈ ಕೂಟಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಕಳೆದ ವರ್ಷ ಯುದ್ಧದಿಂದ ನೆಲೆ ತಪ್ಪಿದವರ ಕುರಿತ ಚಿತ್ರಗಳನ್ನೇ ಸಾಲಾಗಿ ನೋಡೋಣವೆಂದು ನಾನು ಸೂಚಿಸಿದೆ, ಉಳಿದವರು ಒಪ್ಪಿದರು. ಸೂಚನೆ ನನ್ನದಾಗಿದ್ದರಿಂದ, ಮೂರನೆಯ ತಿಂಗಳಿಗೇ ‘ಮೇಷ್ಟ್ರೇ, ನಗುವಂಥದ್ದೇನಾದರೂ ತನ್ನಿ’ ಎಂಬ ದೂರನ್ನು ಕೇಳಬೇಕಾದವನೂ ನಾನೇ ಆದೆ.

ವರ್ಷ ಮುಗಿಯುವ ಹೊತ್ತಿಗೆ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಬಾಂಬು ಬಿದ್ದದ್ದು, ಕಾಡಿನಲ್ಲಿ ನಡೆದದ್ದು, ದೋಣಿ ಹತ್ತಿದ್ದು, ಮುಳ್ಳುತಂತಿ ದಾಟಿದ್ದು, ಇವೆಲ್ಲ ಯಾವ ಚಿತ್ರದ್ದು ಯಾವುದೆಂದು ತಿಳಿಯದಂತೆ ತಲೆಯಲ್ಲಿ ಕಲಸಿಹೋಗಿವೆ. ಓಡಿ ಬಂದವರು ಒಂದು ಕಡೆ ನಿಂತು, ಗಂಟು ಇಳಿಸಿ, ಒಲೆ ಹೂಡಿದ ಮೇಲಿನ ಸಂಗತಿಗಳು ಮಾತ್ರ ಒಂದೊಂದೂ ಬಿಡಿಯಾಗಿ ನೆನಪಿವೆ: ಪರದೇಶದ ಮೆಟ್ಟಿಲುಗಳನ್ನು ಗುಡಿಸುವ ಹೋರಾಟಗಾರನೊಬ್ಬನ ಪೊರಕೆ, ಬಾರು ಕಿತ್ತುಹೋದ ಚಪ್ಪಲಿ, ಶಾಲೆಯ ಪಠ್ಯಪುಸ್ತಕದ ಒಂದು ಪುಟ. ಓಟವನ್ನು ತೋರಿಸುವುದು ಕ್ಯಾಮೆರಾಕ್ಕೆ ಸುಲಭ, ಏಕೆಂದರೆ ಓಡುವವನ ಹಿಂದೆ ಅದೂ ಓಡಿದರೆ ಸಾಕು. ನೆಲೆಯೂರುವುದು ನೋಡುವವರಿಗೆ ಬೇಜಾರಿನ ಕೆಲಸ. ಅರ್ಜಿ ತುಂಬುವುದು, ಸರದಿಯಲ್ಲಿ ಕಾಯುವುದು, ಬಾಡಿಗೆ ಹೊಂದಿಸುವುದು, ಪಕ್ಕದ ಮನೆಯವರು ಆಡಿದ್ದು ಬೈಗುಳವೋ ಉಪಚಾರವೋ ಎಂದು ಊಹಿಸುವುದು, ಇವುಗಳಲ್ಲಿ ಕಥೆಯೆಂಬುದು ಮೇಲುನೋಟಕ್ಕೆ ಇರುವುದಿಲ್ಲ. ಆ ಬೇಜಾರನ್ನು ನಂಬಿ ಅದರ ಜೊತೆ ಕೊನೆಯವರೆಗೆ ಕೂತ ನಿರ್ದೇಶಕರು ನನಗೆ ದೊಡ್ಡವರಾಗಿ ಕಂಡರು. ಉಳಿದವರ ಮೇಲೆ ನನಗೆ ಸ್ವಲ್ಪ ತಕರಾರಿದೆ.

ಈ ಬಗೆಯ ಚಿತ್ರಗಳಿಗೆ ಎರಡನೆಯ ಮಹಾಯುದ್ಧ ಮುಗಿದ ಮರುಗಳಿಗೆಯಲ್ಲೇ ಒಂದು ಮಾದರಿ ಸಿಕ್ಕಿಬಿಟ್ಟಿತ್ತು. 1948ರಲ್ಲಿ ಬಂದ ಇಟಲಿಯ ನಿರ್ದೇಶಕ ರೊಸೆಲಿನಿಯ ‘ಜರ್ಮನಿ ಇಯರ್ ಝೀರೋ’ ಬರ್ಲಿನ್ನಿನ ನಿಜವಾದ ಅವಶೇಷಗಳ ನಡುವೆ ಚಿತ್ರಿತವಾದದ್ದು. ಅದೇ ವರ್ಷದ ಫ್ರೆಡ್ ಜಿನ್ನೆಮನ್‌ರ ‘ದಿ ಸರ್ಚ್’ ಕೂಡ ಕುಸಿದುಬಿದ್ದ ಜರ್ಮನ್ ಊರುಗಳಲ್ಲೇ ಕ್ಯಾಮೆರಾ ಇಟ್ಟುಕೊಂಡು, ತಾಯಿಯಿಂದ ಬೇರ್ಪಟ್ಟ ಹುಡುಗನಿಗೆ ಅಮೆರಿಕದ ಸೈನಿಕನೊಬ್ಬ ಇಂಗ್ಲಿಷ್ ಮಾತು ಕಲಿಸುವುದನ್ನು ತೋರಿಸುತ್ತದೆ. ಎರಡೂ ಒಳ್ಳೆಯ ಚಿತ್ರಗಳು. ಆದರೆ ಬಿದ್ದ ಗೋಡೆ ತೆರೆಯ ಮೇಲೆ ಎಷ್ಟು ಸುಂದರವಾಗಿ ಕಾಣುತ್ತದೆ ಎಂಬ ಅಪಾಯಕಾರಿ ಸತ್ಯವೂ ಸಿನಿಮಾದವರಿಗೆ ಆಗಲೇ ಗೊತ್ತಾಗಿರಬೇಕು. ಬಾಡಿಗೆ ರಸೀದಿ ಅಷ್ಟು ಸುಂದರವಾಗಿ ಕಾಣುವುದಿಲ್ಲ.

ಮಾತಿನ ಬಗ್ಗೆಯೂ ಒಂದಿಷ್ಟು ಹೇಳಬೇಕು, ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನ ಚಾಳಿ ಇದು. ‘ನಿರಾಶ್ರಿತ’ ಎಂಬ ಪದವನ್ನು ನಾವು ಸಲೀಸಾಗಿ ಬಳಸುತ್ತೇವೆ. ಮಳೆ ಕೈಕೊಟ್ಟ ವರ್ಷ ಪಾವಗಡದಿಂದಲೋ ಬಾಗೇಪಲ್ಲಿಯಿಂದಲೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುವವರನ್ನು ಗುಳೆ ಹೋದವರು ಎನ್ನುತ್ತೇವೆ. ಅವರಿಗೆ ಊರು ಉಳಿದಿರುತ್ತದೆ, ಯುಗಾದಿಗೆ ಬರಬಹುದು, ಜಾತ್ರೆಗೆ ಬರಬಹುದು. ನಿರಾಶ್ರಿತನಿಗೆ ಹಿಂದಿರುಗುವ ಬಸ್ಸಿಲ್ಲ. 1951ರ ವಿಶ್ವಸಂಸ್ಥೆಯ ಒಡಂಬಡಿಕೆ ನಿರಾಶ್ರಿತನೆಂದರೆ ಯಾರೆಂಬುದನ್ನು ಕಿರುಕುಳದ ಭಯದ ನೆಲೆಯಲ್ಲಿ ವಿವರಿಸುತ್ತದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ. ಸಹಿ ಹಾಕದ ಈ ದೇಶದಲ್ಲೇ ಟಿಬೆಟಿನಿಂದ ಬಂದವರಿಗೆ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲ ಸಿಕ್ಕಿತು, ಪೂರ್ವ ಬಂಗಾಳದಿಂದ ಬಂದವರು ಸಿಂಧನೂರಿನ ಕ್ಯಾಂಪುಗಳಲ್ಲಿ ಭತ್ತ ಬೆಳೆದರು. ಕನ್ನಡದ ಬಿಸಿಲಲ್ಲಿ ಬಂಗಾಳಿ ಮೀನಿನ ಸಾರು ಕುದಿಯುವ ಆ ಮನೆಗಳ ಕಡೆಗೆ ನಮ್ಮ ಸಿನಿಮಾದವರ ಕ್ಯಾಮೆರಾ ತಿರುಗಿದ್ದು ಬಹಳ ಕಡಿಮೆ ಎಂಬುದು ನನ್ನ ಹಳೆಯ ಕೊರಗು.

ಸಾಲಿನ ಮೊದಲ ಚಿತ್ರವಾಗಿ ನಾನು ಆರಿಸಿದ್ದು ಬಹ್ರಾಮ್ ಬೆಯ್ಜಾಯಿಯವರ ‘ಬಾಶು, ದಿ ಲಿಟ್ಲ್ ಸ್ಟ್ರೇಂಜರ್’. ಇರಾನ್-ಇರಾಕ್ ಯುದ್ಧ ನಡೆಯುತ್ತಿರುವಾಗಲೇ, 1986ರಲ್ಲಿ ತಯಾರಾದ ಈ ಚಿತ್ರವನ್ನು ಅಲ್ಲಿನ ಅಧಿಕಾರಿಗಳು ತಡೆಹಿಡಿದಿದ್ದರು. ಯುದ್ಧ ಮುಗಿದ ಮೇಲೆ 1989ರಲ್ಲಿ ಅದು ಬಿಡುಗಡೆಯಾಯಿತು. ಇರಾನಿನ ದಕ್ಷಿಣದ ಖುಜೆಸ್ತಾನದಲ್ಲಿ ಬಾಂಬು ಬಿದ್ದು ಮನೆಯವರೆಲ್ಲ ಸತ್ತಾಗ, ಬಾಶು ಎಂಬ ಹುಡುಗ ಲಾರಿಯೊಂದರಲ್ಲಿ ಅಡಗಿ ಕೂತು, ಇಳಿದು ನೋಡಿದರೆ ಉತ್ತರದ ಗಿಲಾನಿನ ಹಸಿರು ಗದ್ದೆಗಳಲ್ಲಿ ನಿಂತಿರುತ್ತಾನೆ. ಅವನ ಮಾತು ಅರಬ್ಬಿ. ಅಲ್ಲಿ ಎರಡು ಮಕ್ಕಳೊಂದಿಗೆ ಹೊಲ ನೋಡಿಕೊಂಡಿರುವ ನಾಯಿ ಎಂಬ ಹೆಂಗಸಿನ ಮಾತು ಗಿಲಕಿ. (ಆ ಹೆಸರು ಕನ್ನಡದಲ್ಲಿ ಬೇರೆಯೇ ಕೇಳಿಸುತ್ತದೆ ಎಂದು ಮಹಡಿಯಲ್ಲಿ ಮೊದಲ ಹತ್ತು ನಿಮಿಷ ನಗು ಇತ್ತು, ಆಮೇಲೆ ಯಾರೂ ನಗಲಿಲ್ಲ.) ಇಬ್ಬರೂ ಒಂದೇ ದೇಶದವರು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಹುಡುಗನ ಕಪ್ಪು ಮೈಯನ್ನು ಕೊಳೆಯೆಂದು ತಿಳಿದು ಅವಳು ನೀರಿನಲ್ಲಿ ಉಜ್ಜಿ ಉಜ್ಜಿ ತೊಳೆಯುತ್ತಾಳೆ, ಬಣ್ಣ ಹೋಗುವುದಿಲ್ಲ. ಆಮೇಲೆ ಒಂದೊಂದು ವಸ್ತುವನ್ನು ತೋರಿಸಿ ನಿಮ್ಮಲ್ಲಿ ಇದಕ್ಕೇನು, ನಮ್ಮಲ್ಲಿ ಇದಕ್ಕೇನು ಎಂಬ ಮಕ್ಕಳಾಟದಿಂದ ಸಂಸಾರವೊಂದು ಮೊದಲಾಗುತ್ತದೆ.

ಈ ಚಿತ್ರದ ಒಂದು ದೃಶ್ಯದಲ್ಲಿ ಊರ ಹುಡುಗರು ಬಾಶುವನ್ನು ಕೆಣಕಿ ಹೊಡೆಯುತ್ತಾರೆ. ನೆಲಕ್ಕೆ ಬಿದ್ದ ಹುಡುಗನ ಕೈಗೆ ಒಂದು ಶಾಲಾ ಪುಸ್ತಕ ಸಿಗುತ್ತದೆ. ಅವನು ಅದನ್ನೆತ್ತಿ ಗಟ್ಟಿಯಾಗಿ ಓದುತ್ತಾನೆ, ಇರಾನ್ ನಮ್ಮ ನಾಡು, ನಾವು ಅದರ ಮಕ್ಕಳು ಎಂಬರ್ಥದ ಪಾಠ ಅದು. ಓದುವುದು ಫಾರ್ಸಿಯಲ್ಲಿ, ಅಂದರೆ ಅವನ ಮನೆಯ ಮಾತೂ ಅಲ್ಲದ, ಆ ಹುಡುಗರ ಮನೆಯ ಮಾತೂ ಅಲ್ಲದ, ಇಬ್ಬರೂ ಶಾಲೆಯಲ್ಲಿ ಮಾತ್ರ ಕಲಿತ ಭಾಷೆಯಲ್ಲಿ. ಹೊಡೆಯುತ್ತಿದ್ದ ಕೈಗಳು ನಿಲ್ಲುತ್ತವೆ. ನಾನು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯವನು. ನಮ್ಮ ಮನೆಯಲ್ಲಿ ತೆಲುಗು, ಪಕ್ಕದ ಬೀದಿಯಲ್ಲಿ ದಖನಿ ಉರ್ದು. ಕೋಡಿಗುಡ್ಡು ಎಂದು ಅಮ್ಮ ಕೊಟ್ಟದ್ದನ್ನು ಮೊಟ್ಟೆ ಎಂದು ಕರೆಯಲು ಕಲಿತದ್ದು ಒಂದನೇ ತರಗತಿಯ ಸಚಿತ್ರ ಪುಸ್ತಕದಿಂದ. ಕನ್ನಡವೇ ಅನ್ನ ಕೊಟ್ಟ ಭಾಷೆಯಾಗಿ, ಕನಸು ಬೀಳುವ ಭಾಷೆಯೂ ಆಗಿ ಎಷ್ಟೋ ದಶಕಗಳಾದ ಮೇಲೂ, ಆ ಮೊದಲ ಪುಟದ ಮುಂದೆ ತುಟಿ ಅಲ್ಲಾಡಿಸುತ್ತ ಕೂತ ಹುಡುಗ ನನ್ನೊಳಗಿಂದ ಎದ್ದುಹೋಗಿಲ್ಲ. ಅವನೇ ಅಂದು ಬಾಶುವನ್ನು ನೋಡಿದ. ಇಲ್ಲಿ ಸರ್ಕಾರದ ಪಠ್ಯಪುಸ್ತಕದ ಒಣ ವಾಕ್ಯವೊಂದು ಆಶ್ರಯವಾಗಿ ಮಾರ್ಪಡುವುದನ್ನು ಬೆಯ್ಜಾಯಿ ಒಂದು ಭಾಷಣವೂ ಇಲ್ಲದೆ ತೋರಿಸಿದ್ದಾರೆ. ಕೊನೆಗೆ ನಾಯಿಯ ಗಂಡ ಒಂದು ತೋಳು ಕಳೆದುಕೊಂಡು ಮನೆಗೆ ಬರುತ್ತಾನೆ. ಅವನು ಹುಡುಗನನ್ನು ಒಪ್ಪುತ್ತಾನೋ ಇಲ್ಲವೋ ಎಂದು ನಾವು ಕಾಯುತ್ತಿರುವಾಗ ಹೊಲಕ್ಕೆ ಕಾಡುಹಂದಿ ನುಗ್ಗುತ್ತದೆ, ಎಲ್ಲರೂ ಕೂಗುತ್ತ ಅತ್ತ ಓಡುತ್ತಾರೆ. ಹಂದಿ ಓಡಿಸುವುದು ಮನೆಮಂದಿಯೆಲ್ಲ ಮಾಡುವ ಕೆಲಸ.

ಎರಡನೆಯ ತಿಂಗಳು ಜಾಕ್ ಓಡಿಯಾರ್‌ರ ‘ದೀಪನ್’. 2015ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತವಾದ ಪಾಮ್ ಡೋರ್ ಪಡೆದ ಚಿತ್ರ. ಮಹಡಿಯ ಮನೆಯ ಗೆಳೆಯ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್‌ನಲ್ಲಿ ಬೆಳೆದವನು. ಅವನ ತಂದೆ ಚಿನ್ನದ ಗಣಿಯಲ್ಲಿ ನೆಲದಡಿಯ ಕೆಲಸಗಾರರಾಗಿದ್ದರು, ಮನೆಮಾತು ತಮಿಳು. ಚಹಾದ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಮೇಲೆ ಬಂದ ಅವನ ತಾಯಿ, ಫ್ರೆಂಚ್ ಸಿನಿಮಾವೆಂದು ನಾವು ಹೇಳಿದ್ದರೂ ತೆರೆಯೊಳಗಿಂದ ತಮಿಳು ಕೇಳಿಸಿದ್ದೇ ತಡ, ತಟ್ಟೆಯನ್ನು ಅಲ್ಲೇ ಇಟ್ಟು ಮೆಟ್ಟಿಲಿನ ಮೇಲೆ ಕೂತರು. ‘ಇವರ ತಮಿಳು ಬೇರೆ, ಹಾಡಿದ ಹಾಗಿರುತ್ತೆ’ ಎಂದರು. ಅಲ್ಲಿಂದ ಮುಂದಕ್ಕೆ ಅವರು ನಮ್ಮ ಕೂಟದ ಖಾಯಂ ಸದಸ್ಯರು.

ಶ್ರೀಲಂಕಾದ ಅಂತರ್ಯುದ್ಧ ತಮಿಳು ಹೋರಾಟಗಾರರ ಸೋಲಿನಲ್ಲಿ ಮುಗಿದಾಗ ಅವರಲ್ಲೊಬ್ಬ ಸಮವಸ್ತ್ರ ಕಳಚಿ ಸುಡುತ್ತಾನೆ. ಸತ್ತುಹೋದ ಒಂದು ಕುಟುಂಬದ ಪಾಸ್‌ಪೋರ್ಟುಗಳಿವೆ. ಅವಕ್ಕೆ ಹೊಂದುವ ಹೆಂಡತಿ ಬೇಕು, ಮಗಳು ಬೇಕು. ಯಾಳಿನಿ ಎಂಬ ಹೆಂಗಸು ಶಿಬಿರದಲ್ಲಿ ತಾಯಿಯಿಲ್ಲದ ಹುಡುಗಿಯೊಬ್ಬಳನ್ನು ಹುಡುಕಿ ತರುತ್ತಾಳೆ. ಒಬ್ಬರಿಗೊಬ್ಬರು ಏನೂ ಅಲ್ಲದ ಮೂವರು ಕಾಗದದ ಮೇಲೆ ಸಂಸಾರವಾಗಿ ಪ್ಯಾರಿಸ್ಸಿಗೆ ಬರುತ್ತಾರೆ. ದೀಪನ್ ಪಾತ್ರ ಮಾಡಿದ ಆಂತೊನಿದಾಸನ್ ಯೇಸುದಾಸನ್, ಶೋಭಾಶಕ್ತಿ ಎಂಬ ಹೆಸರಿನಿಂದ ತಮಿಳಿನಲ್ಲಿ ಬರೆಯುವ ಲೇಖಕರು. ಹದಿಹರೆಯದಲ್ಲಿ ಎಲ್‌ಟಿಟಿಇಯಲ್ಲಿದ್ದು, 1993ರಲ್ಲಿ ಫ್ರಾನ್ಸ್ ಸೇರಿದವರು. ಯಾಳಿನಿಯಾದ ಕಾಳೀಶ್ವರಿ ಶ್ರೀನಿವಾಸನ್ ಚೆನ್ನೈನ ರಂಗನಟಿ. ನನ್ನ ಕಣ್ಣಿಗೆ ಕಟ್ಟಿದ ದೃಶ್ಯ ಇದು: ತೆರೆ ಪೂರ್ತಿ ಕತ್ತಲು, ದೂರದಲ್ಲಿ ಬಣ್ಣದ ಬೆಳಕಿನ ಚುಕ್ಕೆಗಳು ಮಿಣುಕುತ್ತ ಹತ್ತಿರ ಬರುತ್ತವೆ, ಏನೋ ದಿವ್ಯವಾದದ್ದು ಬರುತ್ತಿದೆಯೆಂದು ನೋಡಿದರೆ ಅದು ದೀಪನ್, ಬೀದಿಯಲ್ಲಿ ಮಾರುವ ಮಿಣುಕುಕಿವಿಯ ಆಟಿಕೆಯನ್ನು ತನ್ನ ತಲೆಗೇ ಸಿಕ್ಕಿಸಿಕೊಂಡಿದ್ದಾನೆ. ಅಷ್ಟು ದೊಡ್ಡ ಯುದ್ಧ ದಾಟಿ ಬಂದ ಮನುಷ್ಯನ ಹೊಸ ಜೀವನ ಎಲ್ಲಿಂದ ಶುರುವಾಯಿತೆಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಆಮೇಲೆ ಅವನಿಗೆ ಪ್ಯಾರಿಸ್ಸಿನ ಹೊರವಲಯದ ವಠಾರವೊಂದರಲ್ಲಿ ಉಸ್ತುವಾರಿಯ ಕೆಲಸ ಸಿಗುತ್ತದೆ. ಮೆಟ್ಟಿಲು ಗುಡಿಸುವುದು, ಟಪಾಲು ವಿಂಗಡಿಸುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು. ಯಾಳಿನಿ ಅದೇ ವಠಾರದ ವೃದ್ಧರೊಬ್ಬರ ಮನೆಯಲ್ಲಿ ಅಡುಗೆಗೆ ಸೇರುತ್ತಾಳೆ. ಇಲ್ಲಿನವರ ಹಾಸ್ಯ ತನಗೆ ಅರ್ಥವಾಗುವುದಿಲ್ಲ, ಪದ ತಿಳಿದರೂ ನಗು ಬರುವುದಿಲ್ಲ ಎಂದು ದೀಪನ್ ಹೇಳಿಕೊಂಡಾಗ, ನಿನಗೆ ತಮಿಳಿನಲ್ಲೂ ಹಾಸ್ಯಪ್ರಜ್ಞೆ ಇಲ್ಲವೆಂದು ಅವಳು ಹೇಳುತ್ತಾಳೆ. ಸಬ್‌ಟೈಟಲ್ ಓದಿ ನಾವು ನಗುವ ಮೊದಲೇ ಮೆಟ್ಟಿಲಿನಿಂದ ಗೆಳೆಯನ ಅಮ್ಮನ ನಗು ಕೇಳಿಸಿತು. ಸುಳ್ಳು ಗಂಡಹೆಂಡಿರ ನಡುವೆ ನಿಜವಾದ ಸಂಸಾರ ಹುಟ್ಟಿದ್ದು ಆ ಗಳಿಗೆಯಲ್ಲೇ ಎಂದು ನನಗನ್ನಿಸುತ್ತದೆ. ಮಾದಕವಸ್ತು ಮಾರುವ ತಂಡಗಳ ಕಾಳಗ ಆ ವಠಾರದಲ್ಲಿ ಶುರುವಾದಾಗ, ದೀಪನ್ ನೆಲದ ಮೇಲೆ ಬಿಳಿಯ ಗೆರೆ ಎಳೆದು ಇದು ಗುಂಡು ಹಾರಿಸಬಾರದ ಪ್ರದೇಶವೆಂದು ಘೋಷಿಸುತ್ತಾನೆ. 2009ರಲ್ಲಿ ಶ್ರೀಲಂಕಾದ ಉತ್ತರದ ವನ್ನಿ ಪ್ರದೇಶದಲ್ಲಿ ಅಲ್ಲಿನ ಸರ್ಕಾರವೇ ‘ಗುಂಡುರಹಿತ ವಲಯ’ಗಳೆಂದು ಸಾರಿದ ಜಾಗಗಳ ಮೇಲೆ ಶೆಲ್ಲುಗಳು ಬಿದ್ದದ್ದನ್ನು ಬಲ್ಲವರಿಗೆ ಆ ಬಿಳಿ ಗೆರೆ ಎಂಥ ಕಹಿಯೆಂದು ಗೊತ್ತಾಗುತ್ತದೆ.

ಅಲ್ಲಿಯವರೆಗೂ ಎಲ್ಲ ಸರಿ. ಕೊನೆಯ ಕಾಲುಗಂಟೆಯಲ್ಲಿ ಓಡಿಯಾರ್‌ರಿಗೆ ಪೊರಕೆಯ ಮೇಲಿನ ನಂಬಿಕೆ ಹೊರಟುಹೋಯಿತು. ದೀಪನ್ ಮತ್ತೆ ಯೋಧನಾಗಿ ಹೊಗೆ ತುಂಬಿದ ಮೆಟ್ಟಿಲುಗಳನ್ನು ಕಾದಾಡುತ್ತ ಹತ್ತುತ್ತಾನೆ, ಮರುದೃಶ್ಯದಲ್ಲಿ ಇಂಗ್ಲೆಂಡಿನ ಬಿಸಿಲು, ಹಸಿರು ಹಿತ್ತಲು, ಮಡಿಲಲ್ಲಿ ಮಗು. ಗೆಳೆಯ ನನ್ನೊಡನೆ ಜಗಳವಾಡಿದ. ಯುದ್ಧ ಮನುಷ್ಯನೊಳಗೆ ಉಳಿದಿರುತ್ತದೆ, ಅದು ಹೊರಗೆ ಬರಲೇಬೇಕು ಎಂಬುದು ಅವನ ವಾದ. ಉಳಿದಿರುತ್ತದೆ, ಒಪ್ಪಿದೆ, ಆದರೆ ಹಾಗೆ ಉಳಿದದ್ದು ಎಷ್ಟು ಮಂದಿಗೆ ಕೋವಿ ಹಿಡಿಯುವ ಅವಕಾಶ ಕೊಡುತ್ತದೆ? ಬಹುಪಾಲು ಜನರಿಗೆ ಅದು ನಿದ್ದೆಗೆಡಿಸಿ, ಬೆಳಿಗ್ಗೆ ಅದೇ ಮೆಟ್ಟಿಲು ಗುಡಿಸಲು ಕಳಿಸುತ್ತದೆ. ಅಮ್ಮನ ತೀರ್ಪು ನಮ್ಮಿಬ್ಬರದಕ್ಕಿಂತ ಚಿಕ್ಕದಾಗಿತ್ತು: ‘ಕೆಲಸ ಸಿಕ್ಕಿತ್ತಲ್ಲ, ಅಲ್ಲಿಗೇ ನಿಲ್ಲಿಸಬೇಕಿತ್ತು.’

‘ದೀಪನ್’ನಲ್ಲಿ ಕಚೇರಿಯ ಒಂದು ದೃಶ್ಯವಿದೆ. ಆಶ್ರಯ ಕೋರುವ ಅರ್ಜಿದಾರನ ಮಾತನ್ನು ಫ್ರೆಂಚಿಗೆ ಮಾಡಬೇಕಾದ ತಮಿಳು ದುಭಾಷಿ, ಅವನು ಬಾಯಿಪಾಠ ಮಾಡಿಕೊಂಡು ಬಂದ ಕಥೆ ನಡೆಯುವುದಿಲ್ಲವೆಂದು ತಮಿಳಿನಲ್ಲೇ ತಿಳಿಹೇಳುತ್ತಾನೆ. ಇದೇ ಸಂಗತಿಯನ್ನು ಫಿನ್‌ಲೆಂಡಿನ ಆಕಿ ಕೌರಿಸ್ಮಾಕಿ 2017ರ ‘ದಿ ಅದರ್ ಸೈಡ್ ಆಫ್ ಹೋಪ್’ನಲ್ಲಿ ಇನ್ನೂ ಹತ್ತಿರದಿಂದ ನೋಡಿದ್ದಾರೆ. ಕಲ್ಲಿದ್ದಲ ಹಡಗಿನಲ್ಲಿ ಅಡಗಿ ಹೆಲ್ಸಿಂಕಿಗೆ ಬಂದ ಸಿರಿಯಾದ ಖಾಲಿದ್, ಮಸಿ ತೊಳೆದುಕೊಂಡು ನೇರವಾಗಿ ಪೊಲೀಸ್ ಠಾಣೆಗೆ ಹೋಗಿ ಆಶ್ರಯ ಬೇಕೆನ್ನುತ್ತಾನೆ. ಅಧಿಕಾರಿಯ ಮುಂದೆ ಕೂತು, ಅಲೆಪ್ಪೊದಲ್ಲಿ ತನ್ನ ಮನೆಯವರು ಹೇಗೆ ಸತ್ತರೆಂದು ಸ್ವರ ಏರಿಸದೆ, ಅಳದೆ ಹೇಳುತ್ತಾನೆ. ಅಲೆಪ್ಪೊದ ಸ್ಥಿತಿ ಅಷ್ಟೇನೂ ಗಂಭೀರವಲ್ಲವೆಂದು ಅರ್ಜಿ ತಿರಸ್ಕೃತವಾಗುತ್ತದೆ, ಟೀವಿಯ ವಾರ್ತೆಯಲ್ಲಿ ಅದೇ ಅಲೆಪ್ಪೊ ಉರಿಯುತ್ತಿರುತ್ತದೆ. ಸಿಟ್ಟು ಬರುವ ಹೊತ್ತಿಗೆ ನಿರ್ದೇಶಕರು ನಗಿಸುತ್ತಾರೆ: ಖಾಲಿದ್‌ಗೆ ಕೆಲಸ ಕೊಟ್ಟ ಹೋಟೆಲಿನವನು ವ್ಯಾಪಾರ ಕುದುರಲೆಂದು ರಾತ್ರೋರಾತ್ರಿ ಜಪಾನಿ ಸುಶಿ ಮಾರಲು ಹೊರಟು, ಉಪ್ಪುಮೀನಿನ ಮೇಲೆ ಮುದ್ದೆಮುದ್ದೆ ವಸಾಬಿ ಹಾಕಿ ಬಡಿಸುತ್ತಾನೆ. ‘ನಗುವಂಥದ್ದು ತನ್ನಿ’ ಎಂದಿದ್ದವರಿಗೆ ಇದರಿಂದ ಸ್ವಲ್ಪ ಸಮಾಧಾನವಾಯಿತು.

ಕಚೇರಿಗೆ ಒಪ್ಪುವಂತೆ ತನ್ನ ದುಃಖವನ್ನು ಹೇಳಬೇಕಾದವನು, ಒಮ್ಮೆ ಹೇಳಿದ ಮೇಲೆ ಅದರೊಳಗೇ ಸಿಕ್ಕಿಬೀಳುತ್ತಾನೆ. ಡೆನ್ಮಾರ್ಕಿನ ಯೋನಸ್ ಪೋಹೆರ್ ರಾಸ್ಮುಸೆನ್‌ರ ‘ಫ್ಲೀ’ (2021) ನಿಂತಿರುವುದೇ ಇದರ ಮೇಲೆ. ಕಾಬೂಲಿನಿಂದ ಮಾಸ್ಕೋ ದಾಟಿ ಒಬ್ಬನೇ ಡೆನ್ಮಾರ್ಕಿಗೆ ಬಂದ ಹುಡುಗ, ಸಾಗಿಸಿದವನು ಹೇಳಿಕೊಟ್ಟಂತೆ, ತನ್ನ ಕುಟುಂಬದವರೆಲ್ಲ ಸತ್ತಿದ್ದಾರೆಂದು ಹೇಳಿಬಿಟ್ಟಿದ್ದಾನೆ. ಬದುಕಿರುವ ತಾಯಿಯನ್ನು ವರ್ಷಗಟ್ಟಲೆ ಗೆಳೆಯರ ಮುಂದೆಯೂ ಸತ್ತವಳೆಂದೇ ಹೇಳಿಕೊಂಡು ಬಂದವನು ಅವನು. ಸಾಕ್ಷ್ಯಚಿತ್ರವಾದರೂ ಅವನ ಗುರುತು ಕಾಪಾಡಲು ಅದನ್ನು ಅನಿಮೇಷನ್‌ನಲ್ಲಿ ಮಾಡಿದ್ದಾರೆ. ಚಿತ್ರದ ಈ ಕಾಲದ ಭಾಗದಲ್ಲಿ ಅವನೂ ಅವನ ಸಂಗಾತಿಯೂ ಮನೆ ನೋಡುತ್ತಿರುತ್ತಾರೆ. ತೋಟವಿರುವ, ಬೆಳಕಿರುವ ಒಳ್ಳೆಯ ಮನೆಗಳು. ಇವನಿಗೆ ಹ್ಞೂಂ ಎನ್ನಲು ಬಾಯಿ ಬರುವುದಿಲ್ಲ. ದುಡ್ಡಿಲ್ಲವೆಂದಲ್ಲ, ಒಂದು ಕಡೆ ನಿಲ್ಲುವುದು ಹೇಗೆಂಬುದೇ ಕೈತಪ್ಪಿಹೋಗಿದೆ. ಮನೆ ನೋಡಲು ಹೋಗಿ ಗೋಡೆ ತಟ್ಟುವ, ನಲ್ಲಿ ತಿರುಗಿಸುವ ಆ ಸಾಧಾರಣ ದೃಶ್ಯಗಳು ನನ್ನನ್ನು ಗಡಿಯ ದೃಶ್ಯಗಳಿಗಿಂತ ಹೆಚ್ಚು ಕಾಡಿದವು.

ಬದುಕು ಮತ್ತೆ ಕಟ್ಟಿಕೊಂಡರು ಎನ್ನುತ್ತೇವಲ್ಲ, ಕಟ್ಟಿದವರು ಯಾರು ಎಂದು ಕೇಳಿದವರು ಋತ್ವಿಕ್ ಘಟಕ್. ಢಾಕಾದಲ್ಲಿ ಹುಟ್ಟಿ ಕಲ್ಕತ್ತಾಕ್ಕೆ ಬಂದ ಘಟಕ್‌ರಿಗೆ ದೇಶವಿಭಜನೆ ಜೀವಮಾನವಿಡೀ ಆರದ ಗಾಯವಾಗಿತ್ತು. ಅವರ 1960ರ ‘ಮೇಘೆ ಢಾಕಾ ತಾರಾ’ದಲ್ಲಿ ಗಲಭೆಯಿಲ್ಲ, ರೈಲು ತುಂಬಿದ ಹೆಣಗಳಿಲ್ಲ. ಕಲ್ಕತ್ತಾದ ಹೊರಗಿನ ನಿರಾಶ್ರಿತರ ಕಾಲೊನಿಯೊಂದರಲ್ಲಿ, ನೀತಾ ಎಂಬ ಹುಡುಗಿಯ ಸಂಬಳದ ಮೇಲೆ ಅಪ್ಪ, ಅಮ್ಮ, ಹಾಡುಗಾರ ಅಣ್ಣ, ತಮ್ಮ, ತಂಗಿ ಎಲ್ಲರೂ ಬದುಕುತ್ತಿದ್ದಾರೆ, ಅಷ್ಟೆ. ಮೊದಲಲ್ಲೇ ಅವಳ ಚಪ್ಪಲಿಯ ಬಾರು ಕಿತ್ತುಹೋಗುತ್ತದೆ. ತಿಂಗಳ ಮೊದಲ ದಿನ ಅವಳ ಪರ್ಸಿನ ಸುತ್ತ ಎಲ್ಲರ ಬೇಡಿಕೆ ನೆರೆಯುತ್ತದೆ. ಅವಳನ್ನು ಪ್ರೀತಿಸಿದವನು ತಂಗಿಯನ್ನು ಮದುವೆಯಾಗುತ್ತಾನೆ, ಆಗುವುದು ಮನೆಗೆ ಅನುಕೂಲವೆಂದು ತಾಯಿಗೂ ಗೊತ್ತು, ಏಕೆಂದರೆ ನೀತಾ ಮದುವೆಯಾದರೆ ಒಲೆ ಉರಿಯುವುದಿಲ್ಲ. ಕಡೆಗೆ ಕ್ಷಯ ಹಿಡಿದು ಶಿಲ್ಲಾಂಗಿನ ಬೆಟ್ಟಗಳ ನಡುವಿನ ಆಸ್ಪತ್ರೆಯಲ್ಲಿ, ತಾನು ಬದುಕಬೇಕೆಂದಿದ್ದೆ ಎಂದು ಅಣ್ಣನನ್ನು ಅಪ್ಪಿ ಕೂಗುವ ಅವಳ ದನಿ ಬೆಟ್ಟಗಳಿಗೆ ಬಡಿದು ಸುತ್ತುತ್ತದೆ. ಆ ಹೊತ್ತಿಗೆ ಮನೆ ಎದ್ದು ನಿಂತಿದೆ, ಅಣ್ಣ ಹೆಸರಾಂತ ಗಾಯಕನಾಗಿದ್ದಾನೆ.

ಇದನ್ನು ನೋಡಿದ ರಾತ್ರಿ ನನಗೆ ನೆನಪಾದದ್ದು ನಮ್ಮದೇ ‘ದ್ವೀಪ’. ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ಮಾಡಿದ, ರಾಷ್ಟ್ರಪ್ರಶಸ್ತಿ ಪಡೆದ ಆ ಚಿತ್ರದಲ್ಲಿರುವುದು ಯುದ್ಧವಲ್ಲ, ಅಣೆಕಟ್ಟಿನ ಹಿನ್ನೀರು. ಆದರೂ ಸುತ್ತ ನೀರೇರುತ್ತಿರುವಾಗ ಮನೆಯನ್ನು ಉಳಿಸಿಕೊಳ್ಳಲು ಸೌಂದರ್ಯ ಅಭಿನಯಿಸಿದ ನಾಗಿ ಪಡುವ ಪಾಡು, ಆ ಪಾಡಿಗೆ ಮನೆಯಲ್ಲಿ ಸಿಗದ ಲೆಕ್ಕ, ಇವೆರಡೂ ನೀತಾಳ ಮನೆಯಿಂದ ಬಹಳ ದೂರವಿಲ್ಲ.

‘ಗರಂ ಹವಾ’ವನ್ನು ನಾವು ಊರಿನ ಅಭಿಮಾನದಿಂದ ಹಾಕಿಕೊಂಡೆವು. ನಿರ್ದೇಶಕ ಎಂ. ಎಸ್. ಸತ್ಯು ಮೈಸೂರಿನವರು. ಸೆನ್ಸಾರಿನಲ್ಲಿ ತಿಂಗಳುಗಟ್ಟಲೆ ಸಿಲುಕಿ ಹೊರಬಂದ ಈ ಚಿತ್ರದ ವಿಶೇಷವೆಂದರೆ ಇದರ ಮುಸ್ಲಿಂ ನಾಯಕ ದೇಶವಿಭಜನೆಯಾದ ಮೇಲೂ ಎಲ್ಲಿಗೂ ಓಡದೆ, ಆಗ್ರಾದಲ್ಲೇ ಇದ್ದು ನೆಲೆ ಕಳೆದುಕೊಳ್ಳುತ್ತಾನೆ. ಪಾದರಕ್ಷೆಗಳ ಕಾರ್ಖಾನೆ ನಡೆಸುವ ಸಲೀಂ ಮಿರ್ಜಾಗೆ ಸಾಲ ಹುಟ್ಟುವುದಿಲ್ಲ. ಹವೇಲಿ ಕೈತಪ್ಪಿದಾಗ ಬಾಡಿಗೆ ಮನೆ ಹುಡುಕಿ ಹೋದರೆ ಹೆಸರು ಕೇಳಿದ ಮೇಲೆ ಬಾಗಿಲು ಮುಚ್ಚುತ್ತದೆ. ಆ ಹವೇಲಿಯನ್ನು ಪಡೆಯುವವನು ಸಿಂಧ್‌ನಿಂದ ಎಲ್ಲ ಬಿಟ್ಟು ಬಂದ ವ್ಯಾಪಾರಿ, ಕೆಟ್ಟವನೇನಲ್ಲ, ತಾನೂ ನಿರಾಶ್ರಿತ. ಬಲರಾಜ್ ಸಾಹನಿ ಈ ಪಾತ್ರದಲ್ಲಿ ಕಣ್ಣೀರನ್ನು ಎಷ್ಟು ಬಿಗಿಹಿಡಿದಿದ್ದಾರೆಂದರೆ ನೋಡುವವರ ಗಂಟಲು ನೋಯುತ್ತದೆ. ಮನೆ ಬಿಡುವ ದಿನ ಮುದುಕಿ ತಾಯಿ ಸೌದೆ ಇಡುವ ಮೂಲೆಯಲ್ಲಿ ಅವಿತುಕೊಳ್ಳುತ್ತಾಳೆ, ಅವಳನ್ನು ಎತ್ತಿಕೊಂಡೇ ಹೊರಡಬೇಕಾಗುತ್ತದೆ. ಬಾಡಿಗೆ ಮನೆಯಲ್ಲಿ ಪ್ರಾಣ ಹೋಗಲೊಲ್ಲದು. ಕೊನೆಗೆ ಪಲ್ಲಕ್ಕಿಯಲ್ಲಿ ಹಳೆಯ ಹವೇಲಿಗೆ ಹೊತ್ತುತಂದಾಗ, ಮದುವಣಗಿತ್ತಿಯಾಗಿ ಅದೇ ಬಾಗಿಲಿಗೆ ಬಂದ ದಿನದ ಸದ್ದುಗಳು ಕಿವಿ ತುಂಬಿ, ಜೀವ ಬಿಡುತ್ತಾಳೆ.

ಮಕ್ಕಳ ಚಿತ್ರಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಅವು ಹೆಚ್ಚು ಹೊತ್ತು ನೆನೆಯಲಾಗದವು. ಬಹ್ಮನ್ ಘೊಬಾದಿಯವರ ‘ಟರ್ಟಲ್ಸ್ ಕ್ಯಾನ್ ಫ್ಲೈ’ (2004), ಇರಾಕ್-ಟರ್ಕಿ ಗಡಿಯ ಕುರ್ದಿ ಶಿಬಿರದ ಮಕ್ಕಳು ಹೊಲದಲ್ಲಿ ಹೂತ ನೆಲಬಾಂಬುಗಳನ್ನು ಕಿತ್ತು ಮಾರಿ ಹೊಟ್ಟೆ ಹೊರೆಯುವ ಕಥೆ. ಕೈಗಳಿಲ್ಲದ ಹುಡುಗ ಬಾಯಿಂದ ಬಾಂಬು ನಿಷ್ಕ್ರಿಯಗೊಳಿಸುತ್ತಾನೆ. ದೊಡ್ಡ ಚಿತ್ರವೆಂದು ಬಲ್ಲೆ, ಎರಡನೆಯ ಸಲ ನೋಡಲಾರೆ. ನದೀನ್ ಲಬಾಕಿಯವರ ‘ಕೆಪರ್ನೇಮ್’ನ (2018) ನಾಯಕ ಝೈನ್ ಅಲ್ ರಫೀಯಾ ನಿಜದಲ್ಲೂ ಬೈರೂತಿನಲ್ಲಿದ್ದ ಸಿರಿಯಾದ ನಿರಾಶ್ರಿತ ಹುಡುಗ, ಆಮೇಲೆ ಅವನ ಕುಟುಂಬಕ್ಕೆ ನಾರ್ವೆಯಲ್ಲಿ ನೆಲೆ ಸಿಕ್ಕಿತು. ಚಿತ್ರದುದ್ದಕ್ಕೂ ನಗದ ಅವನ ಮುಖ ಕೊನೆಯ ಚೌಕಟ್ಟಿನಲ್ಲಿ ನಗುತ್ತದೆ, ಗುರುತಿನ ಪತ್ರಕ್ಕೆ ಫೋಟೊ ತೆಗೆಯುವವನು ನಗು ಎಂದದ್ದಕ್ಕೆ. ಫೋಟೊಗೆ ನಗಬೇಡಿ ಸಾರ್, ಪಾಸ್‌ಪೋರ್ಟಿಗೆ ನಡೆಯಲ್ಲ ಎಂದು ನಮ್ಮೂರಿನ ಸ್ಟುಡಿಯೊದವನಿಂದ ಗದರಿಸಿಕೊಂಡಿದ್ದ ನನಗೆ ಆ ನಗು ಇನ್ನಷ್ಟು ದುಬಾರಿಯಾಗಿ ಕಂಡಿತು.

‘ಗರಂ ಹವಾ’ ಮುಗಿದ ರಾತ್ರಿ ಕೂಟದಲ್ಲೊಬ್ಬರು, ಕೆ.ಜಿ.ಎಫ್.ನವರೂ ಒಂದು ಲೆಕ್ಕದಲ್ಲಿ ನಿರಾಶ್ರಿತರೇ ಅಲ್ಲವೇ ಎಂದರು. 120 ವರ್ಷ ನಡೆದ ಗಣಿ 2001ರ ಫೆಬ್ರವರಿ ಕೊನೆಗೆ ಮುಚ್ಚಿತು. ಆಮೇಲೆ ಎಷ್ಟೋ ಮನೆಗಳ ಗಂಡುಮಕ್ಕಳು, ಹೆಣ್ಣುಮಕ್ಕಳು ಕತ್ತಲಿರುವಾಗಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿನಲ್ಲಿ ದುಡಿದು ರಾತ್ರಿ ಮರಳುವವರಾದರು. ನನ್ನ ಗೆಳೆಯನೂ ಹಾಗೆ ವರ್ಷಗಟ್ಟಲೆ ಓಡಾಡಿ, ಕೋಲಾರದಲ್ಲಿ ಕೆಲಸ ಸಿಕ್ಕಿದ ಮೇಲೆ ತಾಯಿಯನ್ನು ಇಲ್ಲಿಗೆ ಕರೆತಂದವನು. ನಾನು ಉತ್ತರಿಸುವ ಮೊದಲೇ ಅಮ್ಮ ಮಾತಾಡಿದರು. ‘ನಮ್ಮನ್ನ ಯಾರೂ ಓಡಿಸ್ಲಿಲ್ಲ. ಮೈನ್ಸ್ ಮುಚ್ಚಿದ್ರು, ನಾವು ಬಂದ್ವಿ. ಈಗಲೂ ಬಸ್ ಹತ್ತಿದರೆ ಹೋಗಿ ನೋಡ್ಕೊಂಡು ಬರಬಹುದು. ಆ ಯಾಳಿನಿ ಹೋಗೋಕಾಗುತ್ತಾ?’ ಇಷ್ಟು ಸ್ಪಷ್ಟವಾಗಿ ನಾನು ಹೇಳುತ್ತಿರಲಿಲ್ಲ. ನಮ್ಮ ನಮ್ಮ ಸಣ್ಣ ಸ್ಥಳಾಂತರಗಳನ್ನು ಯುದ್ಧದ ಪಕ್ಕಕ್ಕೆ ಒಯ್ದು ಅಳೆಯುವ ಚಪಲ ಈ ಚಿತ್ರಗಳನ್ನು ನೋಡುವವರಿಗೆಲ್ಲ ಬರುತ್ತದೆ, ನನಗೂ ಬಂದಿತ್ತು.

ಆದರೂ ಚಾಂಪಿಯನ್ ರೀಫ್ಸ್‌ನ ಲೈನ್ ಮನೆ ಖಾಲಿ ಮಾಡುವ ದಿನ ಅಮ್ಮ ಬಿಟ್ಟುಬರಲು ಒಪ್ಪದ ವಸ್ತು ಒಂದಿತ್ತೆಂದು ಗೆಳೆಯ ಆಮೇಲೆ ಹೇಳಿದ. ಅದು ಹಿಟ್ಟು ರುಬ್ಬುವ ಒರಳುಕಲ್ಲು. ಮಿಕ್ಸಿ ಇದೆಯಲ್ಲ ಎಂದು ಇವನು, ಅದು ಬೇರೆ ಇದು ಬೇರೆ ಎಂದು ಅವರು. ಟೆಂಪೊದಲ್ಲಿ ನಾಲ್ಕು ಜನ ಹಿಡಿದು ಹೇರಿದರು, ಇಲ್ಲಿ ಇಳಿಸಿದರು; ಟೈಲ್ಸ್ ಒಡೆಯುತ್ತದೆಂದು ಮನೆ ಮಾಲೀಕರು ಒಳಗೆ ಬಿಡಲಿಲ್ಲ. ಅಂದಿನಿಂದ ಅದು ಮೆಟ್ಟಿಲ ಕೆಳಗೆ, ಹೊರಗಿನ ನಲ್ಲಿಯ ಪಕ್ಕದಲ್ಲಿದೆ. ಅಮ್ಮ ಎಷ್ಟೋ ವರ್ಷ ಕೈ ತಿರುಗಿಸಿ ನುಣುಪಾದ ಅದರ ಗುಳಿಯಲ್ಲಿ ನೀರು ನಿಂತು ಕಾಗೆಗಳು ಕುಡಿಯುತ್ತವೆ.

‘ಫ್ಲೀ’ ನಮ್ಮ ಸಾಲಿನ ಕೊನೆಯ ಚಿತ್ರವಾಗಿತ್ತು. ಮುಗಿಸಿ ಇಳಿಯುವಾಗ ಕರೆಂಟು ಹೋಗಿ, ಕತ್ತಲಲ್ಲಿ ನನ್ನ ಕಾಲು ಆ ಕಲ್ಲಿಗೆ ತಗುಲಿತು. ಮೇಲಿನಿಂದ ಅಮ್ಮ ಮೊಬೈಲಿನ ಬೆಳಕು ಹಿಡಿದರು.

‘ಮೆಲ್ಲಗೆ ಮೇಷ್ಟ್ರೇ. ಮಗ ಬೇರೆ ಮನೆ ನೋಡ್ತಾ ಇದ್ದಾನೆ. ಅಲ್ಲಿ ನೆಲ ಸಿಮೆಂಟಂತೆ.’